ಮಿನುಗುವ ಕಲ್ಲನ್ನು ಯಾವ ಪರೀಕ್ಷೆಗೆ ಕೊಡಬೇಕು?

ನಮ್ಮ ಕುಪ್ಪಂ ಕಡೆ ಚಿನ್ನ ಅಂದರೆ ಬರೀ ಅಂಗಡಿಯ ಮಾತಲ್ಲ. ಕೋಲಾರದ ಚಿನ್ನದ ಪಟ್ಟಿ ಕರ್ನಾಟಕದ ಗಡಿಗೆ ಬಂದು ನಿಲ್ಲುವುದಿಲ್ಲ. ದಕ್ಷಿಣಕ್ಕೆ ಇಳಿದು ಚಿತ್ತೂರು ಜಿಲ್ಲೆಯ ಬಿಸಾನತ್ತಂ, ಚಿಗರಗುಂಟದ ಕಡೆಗೂ ಬರುತ್ತದೆ. ಅಲ್ಲಿ ಭಾರತ್ ಗೋಲ್ಡ್ ಮೈನ್ಸ್ ಗಣಿ ನಡೆಸಿತ್ತು. ಮೇಲಕ್ಕೆ ಹೋದರೆ ರಾಮಗಿರಿ, ಇನ್ನೂ ಮೇಲೆ ಕರ್ನೂಲು ಜಿಲ್ಲೆಯ ಜೊನ್ನಗಿರಿ. ಹಾಗಾಗಿ ಕುಪ್ಪಂನಿಂದ ಮಡಕಶಿರಾ, ರಾಯದುರ್ಗ, ಆದೋನಿವರೆಗೆ ಯಾರ ಹೊಲದಲ್ಲಿ ಹಳದಿ ಮಿನುಗಿನ ಕಲ್ಲು ಸಿಕ್ಕಿದರೂ ಮನೆಯಲ್ಲಿ ಒಂದು ಸಂಚಲನ ಆಗೇ ಆಗುತ್ತದೆ. ಬೋರ್‌ವೆಲ್ ಕೊರೆಸುವಾಗ ಆಳದಿಂದ ಬಂದ ಪುಡಿಯಲ್ಲಿ ಹೊಳಪು ಕಂಡರೆ ನೀರಿನ ಚಿಂತೆಯೇ ಮರೆತುಹೋಗುತ್ತದೆ.

ಆ ಹೊಳಪು ಬಹುತೇಕ ಪೈರೈಟ್. ಅಂದರೆ ಕಬ್ಬಿಣ ಮತ್ತು ಗಂಧಕ. ಅಷ್ಟಕ್ಕೇ ಬಿಸಾಡಬೇಕಿಲ್ಲ. ಗಂಧಕ ಸೇರಿದ ಇಂಥ ಖನಿಜಗಳನ್ನು ಸಲ್ಫೈಡ್ ಅನ್ನುತ್ತಾರೆ. ಪ್ರಪಂಚದ ಎಷ್ಟೋ ಚಿನ್ನದ ಗಣಿಗಳಲ್ಲಿ ಚಿನ್ನ ಅಡಗಿರುವುದು ಇವುಗಳ ಒಳಗೇ. ಹಾಗಾದರೆ ನಿಮ್ಮ ಕಲ್ಲಿನಲ್ಲಿ ಇದೆಯೋ ಇಲ್ಲವೋ ತಿಳಿಯಲು ಯಾವ ಪರೀಕ್ಷೆ ಮಾಡಿಸಬೇಕು? ಹೆಚ್ಚಿನವರು ರೇಟು ನೋಡಿ ಆಯ್ಕೆ ಮಾಡುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಲೋಹ ಕಲ್ಲಿನಲ್ಲಿ ಯಾವ ರೂಪದಲ್ಲಿ ಕೂತಿದೆ ಅಂತ.

ಕಾಳಾಗಿಯೋ, ಕರಗಿಯೋ

ಚಿನ್ನ ಸಲ್ಫೈಡ್‌ನಲ್ಲಿ ಎರಡು ಬಗೆಯಲ್ಲಿ ಇರುತ್ತದೆ. ಒಂದು, ಚಿನ್ನವಾಗಿಯೇ. ಪೈರೈಟ್‌ನ ಬಿರುಕಿನಲ್ಲಿ, ಅಂಚಿನಲ್ಲಿ, ಹೊಟ್ಟೆಯೊಳಗೆ ಸಣ್ಣ ಕಾಳಿನ ಹಾಗೆ. ಎರಡು, ಅಣು ಅಣುವಾಗಿ ಖನಿಜದ ಒಳಗೇ ಸೇರಿಹೋಗಿ, ಇಲ್ಲವೇ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳಾಗಿ. ಪಾಯಸದಲ್ಲಿ ದ್ರಾಕ್ಷಿ ಮತ್ತು ಸಕ್ಕರೆ ಇದ್ದ ಹಾಗೆ. ಒಂದು ಸೌಟಿಗೆ ನಾಲ್ಕು ದ್ರಾಕ್ಷಿ ಬರಬಹುದು, ಇನ್ನೊಂದಕ್ಕೆ ಒಂದೂ ಬಾರದಿರಬಹುದು. ಸಕ್ಕರೆ ಮಾತ್ರ ಪ್ರತಿ ಸೌಟಿನಲ್ಲೂ ಒಂದೇ ಸಮ.

ಇದು ಬರೀ ಪುಸ್ತಕದ ವಿಚಾರ ಅಲ್ಲ, ನಿಮ್ಮ ರಿಪೋರ್ಟಿನ ಅಂಕಿಯನ್ನೇ ಬದಲಿಸುತ್ತದೆ. ಲೆಕ್ಕ ನೋಡಿ. ಉದ್ದ, ಅಗಲ, ಎತ್ತರ ಮೂರೂ 0.1 ಮಿಲಿಮೀಟರ್ ಇರುವ ಒಂದೇ ಒಂದು ಚಿನ್ನದ ಕಾಳಿನ ತೂಕ ಸುಮಾರು 19 ಮೈಕ್ರೊಗ್ರಾಂ. ಲ್ಯಾಬ್‌ನಲ್ಲಿ ಪರೀಕ್ಷೆಗೆ ತೆಗೆದುಕೊಳ್ಳುವ 30 ಗ್ರಾಂ ಪುಡಿಗೆ ಆ ಕಾಳು ಬಿದ್ದರೆ ರಿಪೋರ್ಟು ಟನ್ನಿಗೆ 0.64 ಗ್ರಾಂ ಅನ್ನುತ್ತದೆ. ಬೀಳದಿದ್ದರೆ ಸೊನ್ನೆ. ಕಲ್ಲು ಅದೇ, ಲ್ಯಾಬೂ ಅದೇ, ಅಂಕಿ ಮಾತ್ರ ಬೇರೆ. ಲ್ಯಾಬಿನವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋಗುವ ಮುಂಚೆ ಇದನ್ನು ನೆನೆಯಬೇಕು.

ಕರಗಿದ ಬಗೆಯ ಚಿನ್ನಕ್ಕೆ ಆರ್ಸೆನಿಕ್ ಜೊತೆಗಾರ. ಆರ್ಸೆನಿಕ್ ಜಾಸ್ತಿ ಇರುವ ಪೈರೈಟ್ ಮತ್ತು ಆರ್ಸೆನೊಪೈರೈಟ್ (ಕಬ್ಬಿಣ, ಆರ್ಸೆನಿಕ್, ಗಂಧಕ ಸೇರಿದ ಖನಿಜ) ಇದನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಮುಂದು. ಅಮೆರಿಕದ ನೆವಾಡಾದ ಕಾರ್ಲಿನ್ ಇದಕ್ಕೆ ದೊಡ್ಡ ಉದಾಹರಣೆ. 1961ರಲ್ಲಿ ಅಲ್ಲಿ ಚಿನ್ನ ಗುರುತಿಸಿದರು, 1965ರಲ್ಲಿ ಗಣಿ ಶುರುವಾಯಿತು. ಆ ಕಲ್ಲನ್ನು ಎಷ್ಟು ತಿರುಗಿಸಿ ನೋಡಿದರೂ ಚಿನ್ನ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ಪೈರೈಟ್ ಕಣಗಳ ಆರ್ಸೆನಿಕ್ ತುಂಬಿದ ಹೊರಪದರದಲ್ಲಿ ಅದು ಅವಿತಿರುತ್ತದೆ. ಇನ್ನೊಂದು ತುದಿಯಲ್ಲಿ ನಮ್ಮ ಕೆಜಿಎಫ್‌ನ ಚಾಂಪಿಯನ್ ಲೋಡ್ ಎಂಬ ಚಿನ್ನದ ಪಟ್ಟಿ. ಅಲ್ಲಿ ಬಿಳಿಕಲ್ಲಿನಲ್ಲಿ (ಕ್ವಾರ್ಟ್ಜ್) ಚಿನ್ನ ಚಿನ್ನವಾಗಿಯೇ ಇತ್ತು. ಆದರೆ ಅದೇ ಕೆಜಿಎಫ್‌ನ ಪಶ್ಚಿಮದ ಪಟ್ಟಿಗಳಲ್ಲಿ ಸಲ್ಫೈಡ್ ಹೆಚ್ಚು. ಒಂದೇ ಊರಿನೊಳಗೇ ಎರಡು ಸ್ವಭಾವ! ಹಾಗಾಗಿ "ಪಕ್ಕದ ಹೊಲದವರು ಈ ಪರೀಕ್ಷೆ ಮಾಡಿಸಿದರು, ನಾವೂ ಅದನ್ನೇ ಮಾಡಿಸೋಣ" ಅನ್ನುವುದು ಕೆಲಸಕ್ಕೆ ಬರುವುದಿಲ್ಲ.

ಬೆಳ್ಳಿಯ ಕಥೆ ಸ್ವಲ್ಪ ಸುಲಭ. ಅದಕ್ಕೆ ಇಷ್ಟದ ಮನೆ ಗೆಲೀನಾ, ಅಂದರೆ ಸೀಸದ ಅದಿರು. ಆಂಟಿಮನಿ ಅಥವಾ ಬಿಸ್ಮತ್ ಜೊತೆ ಇದ್ದರೆ ಬೆಳ್ಳಿ ಸೀಸದ ಜಾಗದಲ್ಲೇ ಕೂತುಬಿಡುತ್ತದೆ. ಒಂದು ಟನ್ ಗೆಲೀನಾದಲ್ಲಿ ಒಂದು ಕಿಲೋ ಬೆಳ್ಳಿ ಇದೆ ಅಂದುಕೊಳ್ಳಿ. ನಿಮ್ಮ ಕಲ್ಲಿನಲ್ಲಿ ಗೆಲೀನಾ ನೂರಕ್ಕೆ 5 ಪಾಲು ಇದ್ದರೆ ಇಡೀ ಕಲ್ಲಿಗೆ ಟನ್ನಿಗೆ 50 ಗ್ರಾಂ ಬೆಳ್ಳಿ. ನಮ್ಮ ದೇಶದ ಬೆಳ್ಳಿ ಬಹುಪಾಲು ಬರುವುದು ರಾಜಸ್ಥಾನದ ಸೀಸ-ಸತುವಿನ ಗಣಿಗಳಿಂದಲೇ. ಬೆಳ್ಳಿಗೆಂದೇ ಅಗೆದದ್ದಲ್ಲ, ಜೊತೆಗೆ ಬಂದದ್ದು. ತಾಮ್ರದ ಚಾಲ್ಕೊಪೈರೈಟ್‌ನಲ್ಲೂ ಬೆಳ್ಳಿ ಇರುತ್ತದೆ, ಒಮ್ಮೊಮ್ಮೆ ಚೂರು ಚಿನ್ನವೂ. ಸತುವಿನ ಸ್ಫಾಲರೈಟ್‌ನಲ್ಲಿ ಚಿನ್ನದ ಆಸೆ ಬೇಡ. ಅದರಲ್ಲಿ ಸಿಗುವುದು ಕ್ಯಾಡ್ಮಿಯಂ, ಇಂಡಿಯಂ ಥರದವು.

ದುಡ್ಡಿಲ್ಲದ ಪರೀಕ್ಷೆ ಮೊದಲು

ಮನೆಯ ಟೈಲ್ಸ್‌ನ ಹಿಂಬದಿಯ ಒರಟು ಭಾಗಕ್ಕೆ ಕಲ್ಲನ್ನು ಉಜ್ಜಿ. ಚಿನ್ನವಾದರೆ ಹಳದಿ ಗೆರೆ. ಪೈರೈಟ್, ಚಾಲ್ಕೊಪೈರೈಟ್ ಎರಡೂ ಹಸಿರು ಮಿಶ್ರಿತ ಕಪ್ಪು ಗೆರೆ ಬಿಡುತ್ತವೆ. ಆಮೇಲೆ ಚಾಕುವಿನ ತುದಿಯಿಂದ ಗೀರಿ. ಪೈರೈಟ್ ಗೀರಿಸಿಕೊಳ್ಳುವುದಿಲ್ಲ. ಚಾಲ್ಕೊಪೈರೈಟ್ ಗೀರುತ್ತದೆ, ಪುಡಿಯಾಗುತ್ತದೆ. ಚಿನ್ನ ಪುಡಿಯಾಗದೆ ಬಾಗುತ್ತದೆ. ಗೆಲೀನಾ ಕೈಗೆತ್ತಿದರೇ ಗೊತ್ತಾಗುತ್ತದೆ, ಅಷ್ಟು ಭಾರ. ಒಡೆದರೆ ಚೌಕ ಚೌಕ ತುಂಡಾಗುತ್ತದೆ. ಆರ್ಸೆನೊಪೈರೈಟ್ ಬೆಳ್ಳಿಯ ಬಣ್ಣದ್ದು, ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ವಾಸನೆ. ಬೇಕೆಂದೇ ಮೂಗಿಟ್ಟು ನೋಡಬೇಡಿ, ಅದು ಆರ್ಸೆನಿಕ್. ಕಂದು ಛಾಯೆಯ ಕಲ್ಲಿಗೆ ಅಯಸ್ಕಾಂತ ಅಂಟಿದರೆ ಪಿರ್ರೊಟೈಟ್ ಇರಬಹುದು, ಅದೂ ಕಬ್ಬಿಣ-ಗಂಧಕದ್ದೇ ಇನ್ನೊಂದು ಖನಿಜ. ಅದು ತನ್ನೊಳಗೆ ಕರಗಿಸಿಕೊಳ್ಳುವ ಚಿನ್ನ ತೀರಾ ಕಡಿಮೆ. ತೆಳ್ಳಗೆ ಪದರ ಪದರವಾಗಿ ಬಿಟ್ಟರೆ ಅದು ಕಾಗೆಬಂಗಾರ, ಅಲ್ಲಿಗೆ ಮುಗಿಯಿತು.

ಇದರಿಂದ ಖನಿಜದ ಗುರುತು ಸಿಗುತ್ತದೆ. ಒಳಗೆ ಚಿನ್ನ ಎಷ್ಟಿದೆ ಅನ್ನುವುದು ಸಿಗುವುದಿಲ್ಲ. ಹೊಳಪು ಜಾಸ್ತಿ ಇದ್ದರೆ ಚಿನ್ನ ಜಾಸ್ತಿ ಅನ್ನುವ ಲೆಕ್ಕವೂ ಇಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮನೆಯಲ್ಲಿ ಕಲ್ಲು ಹುರಿಯುವುದು, ಆಸಿಡ್ ಸುರಿಯುವುದು, ಪಾದರಸ ಬೆರೆಸಿ ಕಾಯಿಸುವುದು ಬೇಡವೇ ಬೇಡ. ಸಲ್ಫೈಡ್ ಹುರಿದರೆ ಗಂಧಕದ ಹೊಗೆ, ಅದರ ಜೊತೆ ಆರ್ಸೆನಿಕ್‌ನ ಬಿಳಿ ವಿಷ. ಮೊಬೈಲಿನ ವಿಡಿಯೋದಲ್ಲಿ ಇದು ಸುಲಭವಾಗಿ ಕಾಣುತ್ತದೆ, ಅಷ್ಟೇ.

ಒಡವೆ ಅಂಗಡಿಯ ಮಷೀನು

ಎಲ್ಲರೂ ಮೊದಲು ಹೋಗುವುದು ಇಲ್ಲಿಗೇ. ಈಗ ಸಣ್ಣ ಪಟ್ಟಣದ ಒಡವೆ ಅಂಗಡಿಯಲ್ಲೂ ಕ್ಯಾರೆಟ್ ನೋಡುವ ಎಕ್ಸ್‌ಆರ್‌ಎಫ್ ಮಷೀನು, ಅಂದರೆ ಎಕ್ಸ್‌ರೇ ಹಾಯಿಸಿ ಲೋಹ ಗುರುತಿಸುವ ಮಷೀನು ಇರುತ್ತದೆ. ಉಂಗುರ ಇಟ್ಟರೆ ಅರೆ ನಿಮಿಷದಲ್ಲಿ ಉತ್ತರ. ಕಲ್ಲು ಇಟ್ಟರೂ ಏನೋ ಒಂದು ಉತ್ತರ ಬರುತ್ತದೆ. ಆ ಉತ್ತರವೇ ಅಪಾಯ.

ಒಡವೆ ಮಷೀನು ತನ್ನ ಮುಂದಿರುವುದು ಲೋಹ ಅಂತಲೇ ಅಂದುಕೊಂಡಿರುತ್ತದೆ. ಸಿಲಿಕಾ, ಗಂಧಕ, ಆಮ್ಲಜನಕ ಅದರ ಲೆಕ್ಕಕ್ಕಿಲ್ಲ. ಕಂಡ ಲೋಹಗಳನ್ನೆಲ್ಲ ಕೂಡಿಸಿ ನೂರಕ್ಕೆ ನೂರು ಮಾಡಿಬಿಡುತ್ತದೆ. ಹಾಗಾಗಿ ಕಲ್ಲಿನಲ್ಲಿ ಇಲ್ಲದ ಪರ್ಸೆಂಟು ಪರದೆಯ ಮೇಲೆ ಬರುತ್ತದೆ. ಇನ್ನೂ ಒಂದು ತೊಂದರೆ ಇದೆ. ಚಿನ್ನದ ಗುರುತಿನ ಎಕ್ಸ್‌ರೇ ಗೆರೆ 9.7 ಕಿಲೊ ಎಲೆಕ್ಟ್ರಾನ್‌ವೋಲ್ಟ್ ಹತ್ತಿರ. ಸತುವಿನ ಒಂದು ಗೆರೆ, ಟಂಗ್‌ಸ್ಟನ್‌ನ ಒಂದು ಗೆರೆ ಅಲ್ಲೇ ಅಕ್ಕಪಕ್ಕ. ಚಿನ್ನದ ಇನ್ನೊಂದು ಗೆರೆಯ ಹತ್ತಿರ ಆರ್ಸೆನಿಕ್‌ನದು. ಅಂದರೆ ಸಲ್ಫೈಡ್ ಅದಿರಿನಲ್ಲೇ ಈ ಮಷೀನು ಎಡವುವ ಸಾಧ್ಯತೆ ಹೆಚ್ಚು.

ಬೋರ್‌ವೆಲ್ ಪುಡಿಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕೊರೆಯುವ ಬಿಟ್‌ನ ಗುಂಡಿಗಳು ಟಂಗ್‌ಸ್ಟನ್ ಕಾರ್ಬೈಡ್. ಅದು ಸವೆದು ಪುಡಿಯಲ್ಲಿ ಸೇರಿದರೆ ಮಷೀನು ಅದನ್ನೇ ಚಿನ್ನ ಅಂದುಕೊಳ್ಳಬಹುದು. ಹೊಲದಲ್ಲಿ ಚಿನ್ನ ಬಂತು ಅಂತ ಊರೆಲ್ಲ ಸುದ್ದಿಯಾಗಿ, ಕೊನೆಗೆ ಅದು ಬಿಟ್‌ನ ಸವಕಳಿ ಆಗಿರಬಹುದು ಅಲ್ವಾ!

ಅದಿರಿಗೆಂದೇ ಇರುವ ಕೈ ಮಷೀನು ಬೇರೆ. ಭೂವಿಜ್ಞಾನಿಗಳು ಹಿಡಿದು ಓಡಾಡುವುದು ಅದನ್ನೇ. ಟನ್ನಿಗೆ ಒಂದೆರಡು ಗ್ರಾಂ ಚಿನ್ನ ಅದಕ್ಕೂ ಕಾಣುವುದಿಲ್ಲ. ಆದರೆ ತಾಮ್ರ, ಸತು, ಸೀಸ, ಆರ್ಸೆನಿಕ್ ಚೆನ್ನಾಗಿ ಕಾಣುತ್ತದೆ. (ಸೀಸ ತುಂಬಾ ಇದ್ದರೆ ಆರ್ಸೆನಿಕ್ ಅಂಕಿ ನಂಬಬೇಡಿ, ಅವೆರಡರ ಗೆರೆಯೂ ಒಂದೇ ಕಡೆ.) ಹತ್ತು ಕಲ್ಲಿನಲ್ಲಿ ಯಾವುದರಲ್ಲಿ ಆರ್ಸೆನಿಕ್ ಹೆಚ್ಚು ಅಂತ ಆರಿಸಿ, ಅದನ್ನಷ್ಟೇ ಮುಂದಿನ ಪರೀಕ್ಷೆಗೆ ಕಳಿಸಬಹುದು. ಈ ಮಷೀನಿನ ನಿಜವಾದ ಉಪಯೋಗ ಅದು.

ಬೆಂಕಿಯ ಪರೀಕ್ಷೆ

ಒಂದೇ ಪರೀಕ್ಷೆಗೆ ದುಡ್ಡಿದ್ದರೆ, ಚಿನ್ನಕ್ಕೆ ನಾನು ಹೇಳುವುದು ಫೈರ್ ಅಸೇ. ಹಳೆಯ ವಿಧಾನ, ಇವತ್ತಿಗೂ ಗಣಿ ಕಂಪನಿಗಳು ನಂಬುವುದು ಇದನ್ನೇ. ಕಲ್ಲನ್ನು 75 ಮೈಕ್ರಾನ್‌ನಷ್ಟು ನುಣ್ಣಗೆ ಅರೆಯುತ್ತಾರೆ. ಅದರಿಂದ 30 ಗ್ರಾಂನಷ್ಟು ತೂಗಿ ಸೀಸದ ಆಕ್ಸೈಡ್, ಸೋಡಾ, ಬಿಳಿಗಾರ, ಜೊತೆಗೆ ಸ್ವಲ್ಪ ಹಿಟ್ಟು ಬೆರೆಸಿ ಮೂಸೆಯಲ್ಲಿ ಸಾವಿರ ಡಿಗ್ರಿ ದಾಟಿಸುತ್ತಾರೆ. ಹೌದು, ನಾವು ತಿನ್ನುವ ಹಿಟ್ಟೇ. ಅದರ ಇಂಗಾಲ ಸೀಸದ ಆಕ್ಸೈಡನ್ನು ಸೀಸ ಮಾಡುತ್ತದೆ. ಕರಗಿದ ಸೀಸದ ಹನಿಗಳು ಕೆಳಗಿಳಿಯುತ್ತಾ ಚಿನ್ನ, ಬೆಳ್ಳಿಯನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಆ ಸೀಸದ ಗುಂಡನ್ನು ಮೂಳೆ ಬೂದಿಯ ಅಥವಾ ಮೆಗ್ನೀಷಿಯಾದ ಪುಟ್ಟ ಬಟ್ಟಲಿನಲ್ಲಿ ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲು ಹೀರುತ್ತದೆ. ಉಳಿಯುವುದು ಸಾಸಿವೆಗಿಂತ ಸಣ್ಣ ಮಣಿ. ನೈಟ್ರಿಕ್ ಆಸಿಡ್‌ನಲ್ಲಿ ಬೆಳ್ಳಿ ಕರಗಿಸಿ ಚಿನ್ನ ಬೇರೆ ಮಾಡುತ್ತಾರೆ. ಅಕ್ಕಸಾಲಿಗಳ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಅರ್ಧ ಪರಿಚಯದ್ದೇ.

ಇದರ ದೊಡ್ಡ ಗುಣ ಏನೆಂದರೆ, ಚಿನ್ನ ಕಾಳಾಗಿ ಇದ್ದರೂ ಕರಗಿ ಇದ್ದರೂ ಕಲ್ಲು ಪೂರ್ತಿ ಕರಗುವುದರಿಂದ ಒಟ್ಟು ಲೆಕ್ಕ ಸಿಗುತ್ತದೆ.

ತೊಂದರೆ ಸಲ್ಫೈಡ್‌ನದ್ದೇ. ಗಂಧಕ ಜಾಸ್ತಿ ಇದ್ದರೆ ಸೀಸ ಬೇಕಾದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಇಲ್ಲವೇ ಸೀಸದ ಮೇಲೆ ಸಲ್ಫೈಡ್‌ನದೇ ಬೇರೊಂದು ಪದರ ನಿಂತು ಚಿನ್ನವನ್ನು ಕದಿಯುತ್ತದೆ. ಆರ್ಸೆನಿಕ್ ಜಾಸ್ತಿಯಾದರೂ ಅಂಥದ್ದೇ ಕಳ್ಳ ಪದರ. ಬಲ್ಲ ಲ್ಯಾಬ್‌ನವರು ಇದಕ್ಕೆ ಪೆಟ್ಲುಪ್ಪು ಸೇರಿಸುತ್ತಾರೆ, ಕಬ್ಬಿಣದ ಮೊಳೆ ಹಾಕುತ್ತಾರೆ, ಮೊದಲೇ ಹುರಿಯುತ್ತಾರೆ, ಇಲ್ಲವೇ 30ರ ಬದಲು 10-15 ಗ್ರಾಂ ಪುಡಿ ತೆಗೆದುಕೊಳ್ಳುತ್ತಾರೆ. ಇದೆಲ್ಲ ಅವರಿಗೆ ಮೊದಲೇ ಗೊತ್ತಾಗಬೇಕು. ಫಾರಂನಲ್ಲಿ "ಸಲ್ಫೈಡ್ ಜಾಸ್ತಿ ಇದೆ, ಆರ್ಸೆನೊಪೈರೈಟ್ ಇರಬಹುದು" ಅಂತ ಬರೆದುಕೊಡಿ. ಬರೆಯದೆ ಸುಮ್ನೆ ಕವರು ಕಳಿಸಿದರೆ ಸಾಮಾನ್ಯ ಕಲ್ಲಿನ ಹದದಲ್ಲೇ ಬೇಯಿಸುತ್ತಾರೆ, ಅಂಕಿ ಕಡಿಮೆ ಬರಬಹುದು.

ಕಣ್ಣಿಗೆ ಕಾಣುವ ಚಿನ್ನ ಇದ್ದರೆ ಸ್ಕ್ರೀನ್ ಫೈರ್ ಅಸೇ ಕೇಳಿ. ಸುಮಾರು ಒಂದು ಕಿಲೋ ಪುಡಿಯನ್ನು ಜರಡಿ ಹಿಡಿದು, ಮೇಲೆ ಉಳಿದ ದಪ್ಪ ಭಾಗವನ್ನು ಪೂರ್ತಿ, ಕೆಳಗಿನದನ್ನು ಮಾದರಿ ತೆಗೆದು ಪರೀಕ್ಷಿಸುತ್ತಾರೆ. ದುಬಾರಿ, ಆದರೆ ಕಾಳು ಬಿತ್ತೋ ಬೀಳಲಿಲ್ಲವೋ ಎಂಬ ಜೂಜು ಕಡಿಮೆಯಾಗುತ್ತದೆ. ಕರಗಿದ ಬಗೆಯ ಚಿನ್ನಕ್ಕೆ ಇದು ದಂಡ.

ಆಸಿಡ್‌ನಲ್ಲಿ ಕರಗಿಸುವುದು

ಮೂರು ಪಾಲು ಹೈಡ್ರೊಕ್ಲೋರಿಕ್, ಒಂದು ಪಾಲು ನೈಟ್ರಿಕ್. ಇದೇ ಆಕ್ವಾ ರೀಜಿಯಾ. ಸಲ್ಫೈಡನ್ನು ಚೆನ್ನಾಗಿ ತಿನ್ನುತ್ತದೆ. ಬಿಳಿಕಲ್ಲನ್ನು ತಿನ್ನುವುದಿಲ್ಲ, ಅದರೊಳಗೆ ಸಿಕ್ಕಿಕೊಂಡ ಚಿನ್ನ ಹೊರಬರುವುದಿಲ್ಲ. ಕರಗಿದ ದ್ರವವನ್ನು ಐಸಿಪಿ ಎಂಬ ಧಾತು ಅಳೆಯುವ ಮಷೀನಿಗೆ ಹಾಕಿದರೆ ಮೂವತ್ತು-ನಲವತ್ತು ಧಾತುಗಳ ಪಟ್ಟಿ ಒಂದೇ ಸಲ ಬರುತ್ತದೆ. ರೇಟೂ ಕಡಿಮೆ. ಬೆಳ್ಳಿ, ತಾಮ್ರ, ಸೀಸ, ಆರ್ಸೆನಿಕ್ ಎಲ್ಲ ಬೇಕು ಅನ್ನುವವರಿಗೆ ಇದೇ ಸರಿ. ಬೆಳ್ಳಿಗಂತೂ ಫೈರ್ ಅಸೇಗಿಂತ ಇದನ್ನೇ ಮೊದಲು ಮಾಡಿಸಿ ಅನ್ನುತ್ತೇನೆ, ಬೆಂಕಿಯಲ್ಲಿ ಬೆಳ್ಳಿ ಒಂದಿಷ್ಟು ಬಟ್ಟಲಿಗೆ ಹೋಗಿಬಿಡುತ್ತದೆ. ಬೆಳ್ಳಿ ತುಂಬಾ ಜಾಸ್ತಿ ಇರುವ ಗೆಲೀನಾ ಆದರೆ ಮಾತ್ರ ಲ್ಯಾಬಿಗೆ ಹೇಳಿ. ಆಸಿಡ್ ತೆಳುವಾದಾಗ ಬೆಳ್ಳಿ ಕ್ಲೋರೈಡ್ ಆಗಿ ಕೆಳಗೆ ಕೂರುತ್ತದೆ.

ಒಂದು ಬಲೆ ಇದೆ. ಅಗ್ಗದ ಪ್ಯಾಕೇಜಿನಲ್ಲಿ ಅವರು ಕರಗಿಸುವುದು ಅರ್ಧ ಗ್ರಾಂ ಪುಡಿ. ಪಟ್ಟಿಯಲ್ಲಿ ಚಿನ್ನದ ಹೆಸರೂ ಇರುತ್ತದೆ. ಕಾಳು ಚಿನ್ನಕ್ಕೆ ಅರ್ಧ ಗ್ರಾಂ ಅಂದರೆ ಲಾಟರಿ. ಚಿನ್ನ ಬೇಕಾದರೆ 25 ಗ್ರಾಂ ಅಥವಾ ಹೆಚ್ಚು ಕರಗಿಸುವ ವಿಧಾನ ಅಂತ ಕೇಳಿ.

ಸೈನೈಡ್: ಇರುವುದೆಷ್ಟು ಅಲ್ಲ, ಸಿಗುವುದೆಷ್ಟು

1887ರಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೊದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಚಿನ್ನದ ಗಣಿಗಾರಿಕೆಯೇ ಬದಲಾಯಿತು. ಲ್ಯಾಬ್‌ನಲ್ಲಿ ಅದರ ಸಣ್ಣ ರೂಪ ಬಾಟಲ್ ರೋಲ್. ಪುಡಿ ಮತ್ತು ಸೈನೈಡ್ ನೀರನ್ನು ಬಾಟಲಿಯಲ್ಲಿ ಹಾಕಿ ಗಂಟೆಗಟ್ಟಲೆ ಉರುಳಿಸುತ್ತಾರೆ. ಸೈನೈಡ್ ಮುಟ್ಟಿದ ಚಿನ್ನ ಮಾತ್ರ ಕರಗುತ್ತದೆ. ಪೈರೈಟ್ ಒಳಗೆ ಅವಿತದ್ದು ಹಾಗೇ ಉಳಿಯುತ್ತದೆ.

ನನಗೆ ತುಂಬಾ ಇಷ್ಟವಾದ ಜೋಡಿ ಇದು ಮತ್ತು ಫೈರ್ ಅಸೇ. ಒಂದೇ ಪುಡಿಯನ್ನು ಎರಡಕ್ಕೂ ಕೊಡಿ. ಬೆಂಕಿ ಟನ್ನಿಗೆ 4 ಗ್ರಾಂ ಅಂದಿತು, ಸೈನೈಡ್ 1 ಗ್ರಾಂ ಅಂದಿತು ಅಂದುಕೊಳ್ಳಿ. ಮುಕ್ಕಾಲು ಪಾಲು ಚಿನ್ನ ಒಳಗೆ ಬೀಗ ಹಾಕಿಕೊಂಡಿದೆ. ಇನ್ನೂ ನುಣ್ಣಗೆ ಅರೆದು ಮತ್ತೆ ಸೈನೈಡ್‌ಗೆ ಹಾಕಿ. ಅಂಕಿ ಏರಿದರೆ ಅದು ಸಣ್ಣ ಕಾಳು. ಏರಲೇ ಇಲ್ಲ ಅಂದರೆ ಕರಗಿದ ಬಗೆ ಇರಬೇಕು. ಆಗ ನೈಟ್ರಿಕ್ ಆಸಿಡ್‌ನಿಂದ ಸಲ್ಫೈಡನ್ನು ತಿನ್ನಿಸಿ ಮತ್ತೊಮ್ಮೆ ಸೈನೈಡ್ ಹಾಕಿದರೆ ಗುಟ್ಟು ಹೊರಬರುತ್ತದೆ. ಲಕ್ಷಗಟ್ಟಲೆ ಬೆಲೆಯ ಮಷೀನು ಇಲ್ಲದೆಯೂ ಚಿನ್ನ ಎಲ್ಲಿದೆ ಅಂತ ಹೇಳಬಲ್ಲ ಲೆಕ್ಕ ಇದು.

ಕೆಜಿಎಫ್‌ನ ಸೈನೈಡ್ ದಿಬ್ಬಗಳು ನಮಗೆಲ್ಲ ಗೊತ್ತು. 3 ಕೋಟಿ ಟನ್ನಿಗೂ ಮೀರಿದ ಪುಡಿ. ಅದರಲ್ಲಿ ಉಳಿದ ಚಿನ್ನದ ಬಗ್ಗೆ ಯಾರಾದರೂ ಬಣ್ಣಬಣ್ಣದ ಮಾತಾಡಿ ಹೂಡಿಕೆ ಕೇಳಿದರೆ ಬರೀ ಫೈರ್ ಅಸೇ ರಿಪೋರ್ಟು ನೋಡಿ ತಲೆಯಾಡಿಸಬೇಡಿ. ಅದು ಒಮ್ಮೆ ಸೈನೈಡ್ ಕಂಡು ಬಂದ ಪುಡಿ. ಸೈನೈಡ್‌ಗೆ ಸಿಗದೆ ತಪ್ಪಿಸಿಕೊಂಡದ್ದೇ ಅಲ್ಲಿ ಉಳಿದಿರುವುದು. ಮತ್ತೆ ಎಷ್ಟು ಸಿಗುತ್ತದೆ ಅನ್ನುವ ರಿಪೋರ್ಟು ತೋರಿಸಿ ಅನ್ನಿ. ಬೇರೆ ಗಣಿಗಳ ಇಂಥ ಹಳೆ ಗುಡ್ಡೆಗಳಿಗೂ ಇದೇ ಪ್ರಶ್ನೆ.

ದೊಡ್ಡ ಮಷೀನುಗಳು

ಓದುವ ಮಕ್ಕಳಿಗೆ ಇದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೋಡಿಸುವ, ಧಾತು ಗುರುತಿಸುವ ಇಡಿಎಸ್ ಸುಮಾರು 0.1 ಪರ್ಸೆಂಟಿಗಿಂತ ಕಡಿಮೆ ಇರುವುದನ್ನು ಕಾಣುವುದಿಲ್ಲ. 0.1 ಪರ್ಸೆಂಟ್ ಅಂದರೆ ಟನ್ನಿಗೆ 1000 ಗ್ರಾಂ! ಟನ್ನಿಗೆ ಇನ್ನೂರು ಗ್ರಾಂ ಚಿನ್ನ ಕರಗಿರುವ ಪೈರೈಟ್ ಕೂಡ ಅದಕ್ಕೆ ಬರೀ ಕಬ್ಬಿಣ-ಗಂಧಕ. "ಇಡಿಎಸ್‌ನಲ್ಲಿ ಚಿನ್ನ ಬರಲಿಲ್ಲ, ಆದ್ದರಿಂದ ಇಲ್ಲ" ಅಂತ ಪ್ರಾಜೆಕ್ಟಿನಲ್ಲಿ ಬರೆಯಬೇಡಿ. ಕಾಳು ಹುಡುಕಲು ಮಾತ್ರ ಅದು ಬಹಳ ಒಳ್ಳೆಯದು. ಎಲೆಕ್ಟ್ರಾನ್ ಕಿರಣದಿಂದಲೇ ಇನ್ನೂ ನಿಖರವಾಗಿ ಅಳೆಯುವ ಮೈಕ್ರೊಪ್ರೋಬ್ ಹೆಚ್ಚು ಹೊತ್ತು ಎಣಿಸಿದರೆ ನೂರು ಪಿಪಿಎಂ (ಒಂದು ಪಿಪಿಎಂ ಅಂದರೆ ಟನ್ನಿಗೆ ಒಂದು ಗ್ರಾಂ) ಆಸುಪಾಸಿಗೆ, ಇನ್ನೂ ತಾಳ್ಮೆ ಇದ್ದರೆ ಅದಕ್ಕೂ ಕೆಳಗೆ ಇಳಿಯುತ್ತದೆ. ಲೇಸರ್‌ನಿಂದ ಖನಿಜವನ್ನು ಕೊರೆದು ಅಳೆಯುವ ಲೇಸರ್ ಐಸಿಪಿ-ಎಂಎಸ್ ಒಂದು ಪಿಪಿಎಂಗಿಂತ ಕಡಿಮೆಯನ್ನೂ ಹೇಳುತ್ತದೆ. 20-50 ಮೈಕ್ರಾನ್ ಅಗಲದ ಗುಳಿ ಕೊರೆಯುತ್ತಾ ಹೋಗುವುದರಿಂದ ಇನ್ನೊಂದು ಲಾಭವೂ ಇದೆ. ಸಿಗ್ನಲ್ ಸಮನಾಗಿ ಬಂದರೆ ಚಿನ್ನ ಕರಗಿದೆ, ತಟ್ಟನೆ ಎದ್ದು ಬಿದ್ದರೆ ಕಾಳು ಸಿಕ್ಕಿದೆ. ಅತಿ ಸಣ್ಣ ಕಣಗಳು ಒತ್ತೊತ್ತಾಗಿ ಇದ್ದರೆ ಮಾತ್ರ ಅದೂ ಸಮನಾಗಿಯೇ ಕಾಣುತ್ತದೆ.

ಪ್ಲಾಟಿನಂ ಗುಂಪಿನ ಲೋಹಗಳಾದರೆ ದಾರಿ ಬೇರೆ. ಪ್ಲಾಟಿನಂ, ಪಲೇಡಿಯಂ ಎರಡಕ್ಕೆ ಸೀಸದ ಫೈರ್ ಅಸೇ ಸಾಕು. ಇರಿಡಿಯಂ, ರುಥೇನಿಯಂ ಕೂಡ ಬೇಕು ಅಂದರೆ ನಿಕಲ್ ಸಲ್ಫೈಡ್ ಫೈರ್ ಅಸೇ. ನಮ್ಮ ಗಡಿ ಊರುಗಳ ಹೊಲದ ಕಲ್ಲಿಗೆ ಇದರ ಅಗತ್ಯ ಬೀಳುವುದು ಅಪರೂಪ.

ಹಾಗಾದರೆ ಯಾರಿಗೆ ಯಾವುದು

ಬೋರ್‌ವೆಲ್ ಪುಡಿ ಆದರೆ ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆಯಿರಿ. ಅಯಸ್ಕಾಂತಕ್ಕೆ ಅಂಟಿದ್ದನ್ನು ಎಸೆಯಬೇಡಿ, ಅದರಲ್ಲಿ ಪಿರ್ರೊಟೈಟೂ ಇರಬಹುದು. ಬೇರೆ ಪೊಟ್ಟಣದಲ್ಲಿಡಿ. ಒಡವೆ ಅಂಗಡಿಗೆ ಹೋಗಬೇಡಿ. ನೇರ ಒಂದು ಫೈರ್ ಅಸೇ ಸಾಕು. ಸೊನ್ನೆ ಹತ್ತಿರ ಬಂದರೆ ಅಲ್ಲಿಗೇ ಬಿಡಿ.

ಹೊಲದಲ್ಲಿ ಸಿಕ್ಕ ಗಟ್ಟಿ ಕಲ್ಲಾದರೆ ಒಂದೇ ಚಂದದ ತುಂಡು ಒಯ್ಯಬೇಡಿ. ಹೊಳೆಯುವುದು, ಹೊಳೆಯದ್ದು ಎರಡೂ ಸೇರಿಸಿ ಆ ಸಾಲಿನ ಉದ್ದಕ್ಕೆ ಎರಡು ಮೂರು ಕಿಲೋ ಚೂರು ಆರಿಸಿ. 25 ಗ್ರಾಂ ಅಥವಾ ಹೆಚ್ಚು ಕರಗಿಸುವ ಆಕ್ವಾ ರೀಜಿಯಾ ಪಟ್ಟಿ ಮೊದಲು. ಆರ್ಸೆನಿಕ್ ಎದ್ದು ಕಂಡರೆ ಅಥವಾ ಚಿನ್ನದ ಸುಳಿವಿದ್ದರೆ ಫೈರ್ ಅಸೇ. ಎರಡೂ ಇಲ್ಲದಿದ್ದರೆ ಖರ್ಚು ನಿಲ್ಲಿಸಿ. ಗೆಲೀನಾ ಆದರೆ ಆ ಪಟ್ಟಿಯೇ ಸಾಕು, ಬೆಳ್ಳಿ ಅದರಲ್ಲೇ ಇರುತ್ತದೆ.

ಒಳ್ಳೆಯ ಅಂಕಿ ಬಂದರೂ ಗುದ್ದಲಿ ಹಿಡಿಯುವ ಹಾಗಿಲ್ಲ. ಹೊಲ ನಿಮ್ಮದೇ ಆದರೂ ಚಿನ್ನ ಅಗೆಯಲು 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಗುತ್ತಿಗೆ ಬೇಕು.

ಲ್ಯಾಬ್ ಆರಿಸುವಾಗ ಚಿನ್ನದ ಅದಿರಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಅಂತ ಕೇಳಿ, ನೀರು-ಮಣ್ಣಿಗೆ ಮಾತ್ರ ಇರುವ ಲ್ಯಾಬುಗಳೂ ಇವೆ. ಪರೀಕ್ಷೆ ಆದ ಮೇಲೆ ಉಳಿದ ಪುಡಿಯನ್ನು ವಾಪಸ್ ಕೇಳಿ ಪಡೆಯಿರಿ. ಅಂಕಿಯ ಮೇಲೆ ಅನುಮಾನ ಬಂದು ಎರಡನೇ ಲ್ಯಾಬಿಗೆ ಕಳಿಸಿದರೆ ಹೋಗಬೇಕಾದ್ದು ಅದೇ ಪುಡಿ, ಹೊಲದಿಂದ ತಂದ ಇನ್ನೊಂದು ಕಲ್ಲಲ್ಲ.